ಸಿಂಹ ಕೋಟೆಗೆ, ಲಿಪಿ ಗೋರಿಗೆ

ವಿಜಯಪುರದಲ್ಲಿ ಸಿಂಹ ನೋಡಬೇಕೆನ್ನುವವರು ಗೋರಿಗಳ ಕಡೆ ಹೋಗಿ ಪ್ರಯೋಜನವಿಲ್ಲ, ಕೋಟೆಯ ಪಡುವಣ ಗೋಡೆಗೆ ಹೋಗಬೇಕು. ಅಲ್ಲಿ ಷೇರ್ಜಾ ಬುರುಜಿನ ಕಲ್ಲಿನಲ್ಲಿ ಸಿಂಹಗಳಿವೆ. ಬುರುಜಿನ ನೆತ್ತಿಯ ಮೇಲೆ ಮಲಿಕ್-ಎ-ಮೈದಾನ್ ತೋಪು ಮಲಗಿದೆ. ತೋಪಿನ ಬಾಯಿಯೇ ಸಿಂಹದ ಬಾಯಿ. ಎದುರಿಗೆ ನಿಂತು ಫೋಟೊ ತೆಗೆಸಿಕೊಂಡು ಹೋಗುವವರ ಕಣ್ಣಿಗೆ ಬೀಳದ ಸಂಗತಿಯೊಂದು ಅದರ ಪಕ್ಕಕ್ಕೆ ಸರಿದರೆ ಕಾಣುತ್ತದೆ: ಅಗಲವಾಗಿ ತೆರೆದ ಆ ದವಡೆಯ ಹಲ್ಲುಗಳ ಸಂದಿಯಲ್ಲಿ ಒಂದು ಆನೆ ಸಿಕ್ಕಿಕೊಂಡಿದೆ. ಆನೆ ಇಷ್ಟಿಷ್ಟೇ ಇದೆ, ಸಿಂಹದ ಒಂದು ತುತ್ತಿನಷ್ಟು. ಕಾಡಿನಲ್ಲಿ ಯಾವ ಸಿಂಹವೂ ಯಾವ ಆನೆಯನ್ನೂ ಹೀಗೆ ಕಚ್ಚಿ ಹಿಡಿದಿರಲಾರದು. ಆದರೆ ಎರಕ ಹೊಯ್ದವನಿಗೆ ಕಾಡಿನ ಲೆಕ್ಕ ಬೇಕಾಗಿರಲಿಲ್ಲ. ಗುಂಡು ಹಾರುವ ಕಡೆ ನಿಂತ ಶತ್ರುವಿಗೆ ತಾನು ಆ ಆನೆ ಎಂಬುದು ತಿಳಿದರೆ ಸಾಕಿತ್ತು.

ಈ ತೋಪನ್ನು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಪರಂಡಾ ಕೋಟೆಯಲ್ಲಿದ್ದ ಅದು 1632ರಲ್ಲಿ ಗೆಲುವಿನ ಗುರುತಾಗಿ ವಿಜಯಪುರಕ್ಕೆ ಬಂತು. ಸುಮಾರು ನಾಲ್ಕೂವರೆ ಮೀಟರ್ ಉದ್ದ, 55 ಟನ್ ತೂಕ. ಎತ್ತುಗಳು, ಆನೆಗಳು, ಮಂದಿ ಸೇರಿ ಅದನ್ನು ಎಳೆದು ತಂದ ಕತೆಯನ್ನು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಿಂಹದ ಬಾಯಿಯಲ್ಲಿ ಸಿಕ್ಕ ಆನೆಯನ್ನು ನಿಜವಾದ ಆನೆಗಳೇ ಎಳೆದು ತಂದವಲ್ಲ ಎಂದು ನನಗೆ ಒಮ್ಮೊಮ್ಮೆ ನಗು ಬರುತ್ತದೆ.

ಇಲ್ಲಿಂದ ಸ್ವಲ್ಪವೇ ದೂರದಲ್ಲಿ ಇಬ್ರಾಹಿಂ ರೋಜಾ ಇದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ, ಅವನ ರಾಣಿ ತಾಜ್ ಸುಲ್ತಾನಾ ಮಲಗಿರುವ ಗೋರಿ. ಕಟ್ಟಿಸಿದವನು ಮಲಿಕ್ ಸಂದಲ್. ಅವನ ಸ್ವಂತ ಗೋರಿ ತಿಕೋಟದಲ್ಲಿದೆ ಎಂಬುದು ಈ ಭಾಗದ ಮಾತು. ರೋಜಾದ ಗೋಡೆಗಳಲ್ಲಿ ಕೆತ್ತನೆ ಇಲ್ಲದ ಒಂದು ಗೇಣು ಜಾಗ ಹುಡುಕಬೇಕು. ಕಿಟಕಿಯ ಜಾಲರಿ ಕೂಡ ಅಕ್ಷರಗಳನ್ನೇ ಹೆಣೆದು ಮಾಡಿದ್ದು. ಬೆಳಕು ಒಳಗೆ ಬರಬೇಕಾದರೆ ಅಕ್ಷರಗಳ ಸಂದಿಯಿಂದಲೇ ಬರಬೇಕು. ಬಳ್ಳಿಯಿದೆ, ಹೂವಿದೆ, ರೇಖಾಗಣಿತವಿದೆ. ಕಲ್ಲಿನಲ್ಲೇ ಕಡೆದ ಸರಪಳಿ ಸೂರಿನಿಂದ ಇಳಿಬಿದ್ದಿದೆ. ಆದರೆ ಆ ಗೋಡೆಗಳ ಮೇಲೆ ಸಿಂಹವಿಲ್ಲ, ಆನೆಯಿಲ್ಲ. ಊರಿನ ಇನ್ನೊಂದು ಬದಿಯ ಗೋಳಗುಮ್ಮಟದಲ್ಲಂತೂ ಅಲಂಕಾರವೇ ಕಡಿಮೆ. ಸುತ್ತಲ ಬಯಲಿನಿಂದ ದೂರಕ್ಕೇ ಕಾಣುವ ಆ ಗುಮ್ಮಟದ ಹೊರ ವ್ಯಾಸ 44 ಮೀಟರ್. ಅದರ ಕೆಳಗೆ ಮುಹಮ್ಮದ್ ಆದಿಲ್‌ಶಾಹಿ, ಅವನ ಹೆಂಡಂದಿರು, ನರ್ತಕಿ ರಂಭಾ, ಮಗಳು, ಮೊಮ್ಮಗ. ಅವರ ಗೋರಿಗಳ ಕಾಲ ಬಳಿ ಕಾವಲಿಗೆ ಒಂದು ಮೃಗವೂ ಇಲ್ಲ.

ಯಾಕಿಲ್ಲ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ ಸಿದ್ಧವಿರುತ್ತದೆ: ಇಸ್ಲಾಮಿನಲ್ಲಿ ಪ್ರಾಣಿಗಳ ರೂಪ ಬಿಡಿಸುವುದು ನಿಷಿದ್ಧ. ಉತ್ತರ ಸುಳ್ಳಲ್ಲ. ಆದರೆ ವಿಜಯಪುರದ ಮಟ್ಟಿಗೆ ಅದು ಅರ್ಧ ಉತ್ತರ, ಮತ್ತು ಅರ್ಧ ಉತ್ತರಗಳಿಗೆ ಒಂದು ದುರ್ಗುಣವಿದೆ, ಅವು ಮುಂದಿನ ಪ್ರಶ್ನೆ ಹುಟ್ಟದಂತೆ ನೋಡಿಕೊಳ್ಳುತ್ತವೆ.

ಇದೇ ಊರಿನ ಮೆಹತರ್ ಮಹಲನ್ನು ನೋಡಿ. ಹೆಸರು ಮಹಲೆಂದಿದ್ದರೂ ಅದು ಒಂದು ಮಸೀದಿಯ ಹೆಬ್ಬಾಗಿಲು. ಕಾಲ 1620ರ ಸುಮಾರು, ಎಂದರೆ ಇಬ್ರಾಹಿಂ ರೋಜಾದ ಕಾಲವೇ, ಅದೇ ದೊರೆಯ ಆಳ್ವಿಕೆಯೇ. ಆ ಬಾಗಿಲಿನ ಕೆತ್ತನೆಗಳಲ್ಲಿ ಹಕ್ಕಿಗಳಿವೆ, ಹಂಸಗಳ ಸಾಲಿದೆ. ನಮಾಜಿಗೆ ಹೋಗುವವರು ಆ ಹಂಸಗಳ ಕೆಳಗೇ ಹಾದು ಹೋಗಬೇಕಿತ್ತು. ಕುಮಟಗಿಯ ಬೇಸಿಗೆಯ ಅರಮನೆಯ ಗೋಡೆಗಳ ಮೇಲೆ ಕುದುರೆ ಏರಿ ಪೋಲೊ ಆಡುವವರ ಚಿತ್ರಗಳಿದ್ದವು. ಪ್ರವಾದಿಯ ಕೂದಲನ್ನು ಕಾಪಿಟ್ಟ ಆಸಾರ್ ಮಹಲಿನಲ್ಲೂ ಮನುಷ್ಯರ ಚಿತ್ರ ಬರೆಸಿದ್ದರು. ಹಾಗಾದರೆ ಕೈಯಿದ್ದ ಕಲ್ಲುಕುಟಿಗರು ಊರಲ್ಲಿದ್ದರು, ಮನಸ್ಸಿದ್ದ ದೊರೆಗಳಿದ್ದರು, ಮಸೀದಿಯ ಬಾಗಿಲಿಗೇ ಹಂಸ ಬಂದರೂ ಯಾರೂ ಅದನ್ನು ಒಡೆಸಲಿಲ್ಲ. ನಿಷೇಧ ಎಂಬುದು ಊರಿಗೆಲ್ಲ ಒಂದೇ ಆಗಿದ್ದರೆ ಇವೆಲ್ಲ ಇರಬಾರದಿತ್ತು. ಗೋರಿಯ ಹೊಸ್ತಿಲಿಗೆ ಬಂದಾಗ ಮಾತ್ರ ಮೃಗಗಳು ನಿಂತುಬಿಟ್ಟವು ಎಂದಾದರೆ ಅದು ಗೋರಿಯ ಬಗ್ಗೆ ಮಾಡಿದ ತೀರ್ಮಾನ.

ಇಸ್ಲಾಮಿನ ಲೋಕದಲ್ಲೇ ಎಲ್ಲರೂ ಈ ತೀರ್ಮಾನ ಮಾಡಿರಲಿಲ್ಲ. ಇರಾನಿನ ಬಖ್ತಿಯಾರಿ ಬುಡಕಟ್ಟಿನ ಸ್ಮಶಾನಗಳಲ್ಲಿ ಗಂಡುಗಲಿಗಳ ಗೋರಿಯ ಮೇಲೆ ಕಲ್ಲಿನ ಸಿಂಹ ನಿಲ್ಲಿಸುತ್ತಿದ್ದರು. ಸಿಂಹದ ಮೈಮೇಲೆ ಸತ್ತವನ ಕತ್ತಿಯನ್ನೂ ಕೆತ್ತುತ್ತಿದ್ದರು. ಅಜರ್‌ಬೈಜಾನಿನ ಕಡೆ ಟಗರಿನ ಆಕಾರದ ಗೋರಿಕಲ್ಲುಗಳಿವೆ. ಕಪ್ಪು ಕುರಿಯ ಹೆಸರು ಹೊತ್ತ ತುರ್ಕಮನ್ ಕುಲ ಆ ಭಾಗವನ್ನು ಆಳಿತ್ತು, ಅದೇ ಕುಲದ ಕುಡಿಗಳು ದಖ್ಖನಿಗೆ ಬಂದು ಗೋಲ್ಕೊಂಡದಲ್ಲಿ ಕುತುಬ್‌ಶಾಹಿಗಳಾದರು. ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫನೂ ಪರ್ಷಿಯಾದ ಸಾವಾ ಊರಿನಿಂದ ಬಂದವನು. ಗೋರಿಯ ಮೇಲೆ ಮೃಗ ನಿಲ್ಲಿಸುವ ಪದ್ಧತಿ ಆ ಸೀಮೆಯ ಮಂದಿಗೆ ಹೊಸದಾಗಿರಲಿಲ್ಲ. ಇಲ್ಲಿಗೆ ಬಂದವರು ತಮ್ಮ ಭಾಷೆ ತಂದರು, ಕಮಾನು ತಂದರು, ನೀರನ್ನು ನೆಲದಡಿ ಹರಿಸುವ ಕರೇಜ್ ತಂದರು. ಗೋರಿಯ ಸಿಂಹವನ್ನೂ ಟಗರನ್ನೂ ತರಲಿಲ್ಲ.

ಇನ್ನೊಂದು ಉತ್ತರವೂ ಇದೆ, ಅದು ಹೆಚ್ಚು ಗಟ್ಟಿ. ಯುರೋಪಿನ ಮಧ್ಯಯುಗದ ರಾಜಗೋರಿಗಳಲ್ಲಿ ಸತ್ತವನ ದೇಹವನ್ನೇ ಕಲ್ಲಿನಲ್ಲಿ ಕಡೆದು ಮಲಗಿಸುತ್ತಾರೆ. ದೇಹವಿದ್ದರೆ ಪಾದವಿದೆ, ಪಾದವಿದ್ದರೆ ಪಾದದ ಕೆಳಗೆ ಏನಾದರೂ ಇಡಬೇಕು. ಫ್ರಾನ್ಸಿನ ದಿಜಾನ್‌ನಲ್ಲಿ 1404ರಲ್ಲಿ ತೀರಿಕೊಂಡ ಬರ್ಗಂಡಿಯ ದೊರೆ ಫಿಲಿಪ್‌ನ ಗೋರಿಯಿದೆ, ಅವನ ಕಾಲಬುಡದಲ್ಲಿ ಸಿಂಹ. ಇಟಲಿಯ ಲುಕ್ಕಾದಲ್ಲಿ ಯಾಕೊಪೊ ದೆಲ್ಲಾ ಕ್ವೆರ್ಚಾ ಕಡೆದ ಇಲಾರಿಯಾ ಎಂಬ ಒಡತಿಯ ಗೋರಿಯಿದೆ, ಅವಳ ಪಾದಕ್ಕೆ ಆತು ಮುಖ ಎತ್ತಿ ಅವಳನ್ನೇ ನೋಡುವ ನಾಯಿ. ಗಂಡಸಿಗೆ ಸಿಂಹ, ಹೆಂಗಸಿಗೆ ನಾಯಿ, ಶೌರ್ಯ ಒಂದು ಕಡೆ ನಿಷ್ಠೆ ಇನ್ನೊಂದು ಕಡೆ, ಇದು ಅಲ್ಲಿನ ಸಾಮಾನ್ಯ ಹಂಚಿಕೆ. ಅಪವಾದಗಳಿಗೆ ಲೆಕ್ಕವಿಲ್ಲ ಎನ್ನುವುದು ಬೇರೆ. ವಿಜಯಪುರದ ಗೋರಿಯಲ್ಲಿ ಪಾದವೇ ಇಲ್ಲ. ಮೇಲೆ ಕಾಣುವುದು ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ದಿಂಡು, ಅದೂ ತೋರಿಕೆಯದು. ನಿಜವಾದ ಕಬರ್ ಕೆಳಗಿನ ನೆಲಮನೆಯಲ್ಲಿ. ಮೃಗ ಬಂದರೂ ಕೂರಲು ಜಾಗವಿಲ್ಲ.

ಆದರೆ ಗಂಡು ಹೆಣ್ಣಿನ ಗುರುತು ಇಲ್ಲೂ ಬೇಕಾಗಿತ್ತು. ಅದಕ್ಕೆ ಇವರು ಆರಿಸಿಕೊಂಡದ್ದು ಏನನ್ನು? ಗಂಡಸಿನ ಗೋರಿಯ ನೆತ್ತಿಯ ಮೇಲೆ ಕಲಮಿನ ಡಬ್ಬಿಯಂಥ ಉಬ್ಬು, ಹೆಂಗಸಿನದಕ್ಕೆ ಬರೆಯುವ ಹಲಗೆಯಂಥ ಸಪಾಟು. ಆಗ್ರಾದ ತಾಜ್‌ಮಹಲಿನಲ್ಲಿ ಷಹಜಹಾನನ ಗೋರಿಗೂ ಮುಮ್ತಾಜಳ ಗೋರಿಗೂ ಇರುವ ವ್ಯತ್ಯಾಸ ಇದೇ. ವಿಜಯಪುರದ ಹೊರವಲಯದಲ್ಲಿ ಅಫ್ಜಲ್‌ಖಾನನ ಹೆಂಡಂದಿರದ್ದೆಂದು ಹೇಳುವ ಸಾಠ್ ಕಬರ್ ಇದೆಯಲ್ಲ, ಅಲ್ಲಿ ಸಾಲು ಸಾಲಾಗಿ ಒಂದೇ ಅಳತೆಯಲ್ಲಿ ಮಲಗಿದ ಕಲ್ಲುಗಳ ನೆತ್ತಿ ಸಪಾಟಾಗಿರುವುದನ್ನು ನೋಡಿಯೇ ಅವು ಹೆಂಗಸರ ಗೋರಿಗಳೆಂದು ಹೇಳುವುದು. 1659ರಲ್ಲಿ ಶಿವಾಜಿಯನ್ನು ಎದುರಿಸಲು ಹೊರಡುವ ಮುನ್ನ ಖಾನ ತಾನು ಮರಳುವುದಿಲ್ಲವೆಂಬ ಜ್ಯೋತಿಷ್ಯ ನಂಬಿ ಅವರನ್ನೆಲ್ಲ ಬಾವಿಗೆ ತಳ್ಳಿಸಿದ ಎಂಬ ಕತೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಆ ಹಲಗೆಗಳ ಸಾಲಿನ ಮುಂದೆ ನಿಂತರೆ ಕತೆ ಯಾಕೆ ಹುಟ್ಟಿತೆಂಬುದು ಅರ್ಥವಾಗುತ್ತದೆ. ಬರೆಯದೆ ಬಿಟ್ಟ ಅಷ್ಟೊಂದು ಹಲಗೆಗಳನ್ನು ಒಟ್ಟಿಗೆ ಕಂಡವರು ತಾವೇ ಏನಾದರೂ ಬರೆಯದೆ ಇರಲಾರರು.

ಅಲ್ಲಿ ಸಿಂಹ ಮತ್ತು ನಾಯಿ, ಇಲ್ಲಿ ಲೇಖನಿ ಮತ್ತು ಹಲಗೆ. ಯುರೋಪಿನ ಶಿಲ್ಪಿ ಮೃಗಗಳಿಗೆ ಒಪ್ಪಿಸಿದ ಕೆಲಸವನ್ನು ದಖ್ಖನಿನ ಶಿಲ್ಪಿ ಬರವಣಿಗೆಯ ಸಾಮಗ್ರಿಗೆ ಒಪ್ಪಿಸಿದ. ಇಬ್ರಾಹಿಂ ರೋಜಾದ ಕಿಟಕಿಗಳು ಅಕ್ಷರಗಳಾದದ್ದು ಬರೀ ಸೊಗಸಿಗಲ್ಲ ಎಂದು ಇದರಿಂದ ತೋರುತ್ತದೆ.

ಈಗ ಗೋಗಿಗೆ ಹೋಗೋಣ. ಯಾದಗಿರಿ ಜಿಲ್ಲೆಯ ಈ ಊರಿನಲ್ಲಿ ಚಂದಾ ಹುಸೇನಿ ಎಂಬ ಸಂತನ ದರ್ಗಾ ಇದೆ. ಯೂಸುಫ್, ಇಸ್ಮಾಯಿಲ್, ಮೊದಲನೇ ಇಬ್ರಾಹಿಂ, ಹೀಗೆ ಆದಿಲ್‌ಶಾಹಿಗಳ ಮೊದಲ ತಲೆಗಳೆಲ್ಲ ಮಲಗಿರುವುದು ಅಲ್ಲಿ, ಸಂತನ ಸಮೀಪದಲ್ಲಿ, ಯಾವ ಆಡಂಬರವೂ ಇಲ್ಲದ ಗೋರಿಗಳಲ್ಲಿ. ರಾಜಧಾನಿಯಲ್ಲಿ ಸತ್ತ ದೊರೆಯನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿ ಮಣ್ಣು ಮಾಡಿದ್ದಾರೆ. ಯುರೋಪಿನ ಗೋರಿಯಲ್ಲಿ ದೊರೆಯ ಕಾಲ ಬಳಿ ಸಿಂಹ ಮಲಗಿದರೆ ಗೋಗಿಯಲ್ಲಿ ದೊರೆಯೇ ಇನ್ನೊಬ್ಬರ ಆಸರೆಯಲ್ಲಿ ಮಲಗಿದ್ದಾನೆ. ನಿಷ್ಠೆಯ ಮೃಗಕ್ಕೆ ಇರಬೇಕಾದ ಜಾಗ ಅವನದಾಗಿದೆ. ಇದನ್ನು ನಾನು ಸುಮ್ಮನೆ ಎಳೆದು ತಂದ ಮಾತೆಂದುಕೊಳ್ಳಬೇಡಿ. ಪರ್ಷಿಯಾದ ಷಾ ಅಬ್ಬಾಸ್, ಎರಡನೇ ಇಬ್ರಾಹಿಮನ ಸಮಕಾಲೀನ, ತನ್ನನ್ನು ಅಲಿಯ ಹೊಸ್ತಿಲಿನ ನಾಯಿ ಎಂದು ಕರೆದುಕೊಳ್ಳುತ್ತಿದ್ದ, ಅದೇ ಅವನ ಹೆಮ್ಮೆಯ ಬಿರುದು. ಆ ಭಕ್ತಿಯ ಪರಿಭಾಷೆಯಲ್ಲಿ ನಾಯಿಯ ಪಾತ್ರವನ್ನು ದೊರೆ ತಾನೇ ವಹಿಸಿಕೊಂಡ ಮೇಲೆ ಅವನ ಕಾಲಬುಡದಲ್ಲಿ ಇನ್ನೊಂದು ನಾಯಿ ಯಾಕೆ?

ಮುಂದೆ ದೊರೆಗಳು ಸಂತರ ನೆರಳು ಬಿಟ್ಟು ತಮ್ಮ ಗುಮ್ಮಟ ತಾವೇ ಕಟ್ಟಿಸಿಕೊಂಡರು. ಗುಮ್ಮಟ ದೊಡ್ಡದಾಗುತ್ತ ಹೋಯಿತು. ಆದರೂ ನಂಟು ಪೂರ್ತಿ ಹರಿಯಲಿಲ್ಲ. ಮುಹಮ್ಮದ್ ಆದಿಲ್‌ಶಾಹಿಗೆ ಸಂತ ಹಾಶಿಂಪೀರ್ ತನ್ನ ಆಯುಷ್ಯದ ಹತ್ತು ವರ್ಷ ಧಾರೆಯೆರೆದ ಎಂಬ ಪ್ರತೀತಿ ವಿಜಯಪುರದಲ್ಲಿ ಇವತ್ತಿಗೂ ಇದೆ. ಜಗತ್ತಿನ ದೊಡ್ಡ ಗುಮ್ಮಟಗಳಲ್ಲಿ ಒಂದನ್ನು ಕಟ್ಟಿಸಿದವನು ಕೊನೆಯ ಹತ್ತು ವರ್ಷ ಬದುಕಿದ್ದು ಸಾಲದ ಆಯುಷ್ಯದಲ್ಲಿ ಎಂದು ಊರು ನೆನಪಿಟ್ಟುಕೊಂಡಿದೆ.

ಹಾಗಾದರೆ ಸಿಂಹ ಯಾರದು? ನನ್ನ ವಾದ ಇಷ್ಟು: ದಖ್ಖನಿನಲ್ಲಿ ಸಿಂಹ ದೊರೆಯ ಮೃಗವಲ್ಲ, ದೊರೆತನದ ಮೃಗ. ಅದು ಗದ್ದುಗೆಗೆ, ಬಾಗಿಲಿಗೆ, ಬುರುಜಿಗೆ, ತೋಪಿಗೆ ಸೇರಿದ್ದು. ಆ ಜಾಗದಲ್ಲಿ ಯಾರು ಕೂತರೂ ಸಿಂಹ ಅವರ ಪರ. ಬೀದರ ಕೋಟೆಯ ಷರ್ಜಾ ದರವಾಜೆಯ ಕಮಾನಿನ ಎರಡು ಬದಿಗೆ ಮುಂಗಾಲೆತ್ತಿದ ಮೃಗಗಳಿವೆ, 1503ರ ಶಾಸನವಿದೆ. ಬಹಮನಿಗಳ ಬಾಗಿಲನ್ನು ಬರೀದರು ಬಳಸಿದರು, ಆಮೇಲೆ ಆದಿಲ್‌ಶಾಹಿಗಳು, ಮೊಗಲರು, ನಿಜಾಮರು. ಯಾರೂ ಸಿಂಹವನ್ನು ಬದಲಾಯಿಸಲಿಲ್ಲ, ಬದಲಾಯಿಸುವ ಅಗತ್ಯವಿರಲಿಲ್ಲ. ಮಲಿಕ್-ಎ-ಮೈದಾನ್ ಕೂಡ ಹಾಗೇ. ಅಹ್ಮದನಗರದ ನಿಜಾಮ್‌ಶಾಹಿಯ ಸಿಂಹ ಆದಿಲ್‌ಶಾಹಿಯ ಸಿಂಹವಾಯಿತು, 1686ರಲ್ಲಿ ಊರು ಗೆದ್ದ ಔರಂಗಜೇಬ ಅದೇ ತೋಪಿನ ಮೇಲೆ ತನ್ನ ಗೆಲುವಿನ ಸಾಲುಗಳನ್ನು ಕೊರೆಸಿದ. ಕೈ ಬದಲಾದಂತೆಲ್ಲ ನಿಷ್ಠೆ ಬದಲಿಸುವ ಮೃಗವನ್ನು ಒಬ್ಬನ ಗೋರಿಗೆ ಕಟ್ಟಿಹಾಕುವುದು ಹೇಗೆ?

ಈ ಪರಿಭಾಷೆ ಮುಸಲ್ಮಾನ ದೊರೆಗಳು ಹೊರಗಿನಿಂದ ತಂದದ್ದೂ ಅಲ್ಲ. ಆನೆಯ ಮೇಲೆರಗುವ ಸಿಂಹ ಕನ್ನಡ ನಾಡಿನ ದೇವಾಲಯಗಳ ಹಳೆಯ ಒಕ್ಕಲು. ಸಿಂಹಕ್ಕೆ ಕತ್ತಿ ಎತ್ತಿದ ಸಳ ಹೊಯ್ಸಳರ ಲಾಂಛನವಾದ, ಚಾಲುಕ್ಯರದ್ದು ವರಾಹ. ವಿಜಯಪುರದಿಂದ ತಿಕೋಟದ ಕಡೆ ಹೊರಟರೆ ದಾರಿಯಲ್ಲೇ ಸಿಗುವ ತೊರವೆಯಲ್ಲಿ ನರಸಿಂಹನ ಗುಡಿಯಿದೆ, ಕುಮಾರ ವಾಲ್ಮೀಕಿ ತನ್ನ ರಾಮಾಯಣವನ್ನು ಆ ದೇವರ ಆಸರೆಯಲ್ಲಿ ಬರೆದ. ಅದೇ ತೊರವೆಯ ಪಕ್ಕದಲ್ಲಿ ಎರಡನೇ ಇಬ್ರಾಹಿಂ 1599ರಲ್ಲಿ ನವರಸಪುರ ಕಟ್ಟಿಸಲು ಹೊರಟ. ಹೊಸ ಊರಿನ ದೊರೆಗೂ ಹಳೆಯ ಊರಿನ ದೇವರಿಗೂ ಸಿಂಹ ಪರಿಚಿತ. ಕೋಟೆಯ ಸಿಂಹವನ್ನು ನೋಡಿದ ಯಾವ ಒಕ್ಕಲಿಗನಿಗೂ, ಯಾವ ಸಿಪಾಯಿಗೂ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಎರಡನೇ ಅಲಿ ಆದಿಲ್‌ಶಾಹಿಯ ಕೊನೆಯ ದಿನಗಳಲ್ಲಿ ಈ ವಿಂಗಡಣೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಒಂದು ಕಡೆ ಮೊಗಲರು, ಇನ್ನೊಂದು ಕಡೆ ಶಿವಾಜಿ. ಮೊಗಲರ ಕಡೆಯ ಜಯಸಿಂಹನ ಸೈನ್ಯ ಊರ ಬಾಗಿಲ ತನಕ ಬಂದು ಹೋಗಿತ್ತು. ಅಲಿಯ ಗೋರಿಗೆಂದು 1656ರಲ್ಲೇ ಕೆಲಸ ಶುರುವಾಗಿತ್ತು, ಇಂದಿನ ಬಾರಾ ಕಮಾನ್ ಅದೇ. ಅದು ಮುಗಿಯಲಿಲ್ಲ. ಮುಗಿದದ್ದು ಷೇರ್ಜಾ ಬುರುಜು, 1671ರಲ್ಲಿ. ಮರುವರ್ಷ ಅಲಿ ತೀರಿಕೊಂಡ. ಸೂರಿಲ್ಲದ ಕಮಾನುಗಳ ಕೆಳಗೆ ಇವತ್ತಿಗೂ ಬಿಸಿಲಿನಲ್ಲಿ ಅವನ ಗೋರಿಯಿದೆ. ಕಲ್ಲು, ಕೂಲಿ, ಹೊತ್ತು ಎಲ್ಲಕ್ಕೂ ಅಭಾವವಿದ್ದ ಕಾಲದಲ್ಲಿ ಸಿಂಹ ಕೆತ್ತಲು ಆಳು ಸಿಕ್ಕಿದರು, ಗೋರಿ ಮುಚ್ಚಲು ಸಿಗಲಿಲ್ಲ. ಬದುಕಿರುವ ರಾಜ್ಯಕ್ಕೆ ಸಿಂಹ ಬೇಕು, ಸತ್ತ ರಾಜನಿಗಲ್ಲ ಎಂಬ ಲೆಕ್ಕಾಚಾರ ಇಲ್ಲಿ ಬರೀ ನಂಬಿಕೆಯಾಗಿ ಉಳಿದಿಲ್ಲ, ಖರ್ಚಿನ ಪಟ್ಟಿಯಾಗಿದೆ.

ಇದಕ್ಕೆ ಎದುರಾಗಿ ಒಂದು ಮಾತು ಹೇಳಬಹುದು. ದೊರೆಗೆ ಸ್ವಂತದ್ದೆನಿಸಿದ ಮೃಗವೂ ಇತ್ತಲ್ಲ? ಇತ್ತು. ಇಬ್ರಾಹಿಮನಿಗೆ ಆತಿಶ್ ಖಾನ್ ಎಂಬ ಆನೆಯ ಮೇಲೆ ಪ್ರಾಣ. ತನ್ನ 'ಕಿತಾಬ್-ಎ-ನವರಸ್'ನಲ್ಲಿ ಅವನು ತಂಬೂರಿ ಮೋತಿ ಖಾನನನ್ನು ನೆನೆಯುವ ಹಾಗೆಯೇ ಆ ಆನೆಯನ್ನೂ ನೆನೆಯುತ್ತಾನೆ. ಫರ್ರುಖ್ ಬೇಗ್ ದೊರೆಯನ್ನು ಆ ಆನೆಯ ಮೇಲೆ ಕೂರಿಸಿ ಚಿತ್ರ ಬರೆದ. ಚಂಚಲ್ ಎಂಬ ಇನ್ನೊಂದು ಆನೆಯನ್ನು ಅಕ್ಬರನ ದೂತ ಅಸದ್ ಬೇಗ್ ಬಂದು ಉತ್ತರಕ್ಕೆ ಒಯ್ದದ್ದು ಆ ಕಾಲದ ರಾಜಕಾರಣದ ಒಂದು ಅಧ್ಯಾಯವೇ ಆಗಿದೆ. ತನ್ನನ್ನು ಗಣಪತಿ ಸರಸ್ವತಿಯರ ಮಗನೆಂದು ಕರೆದುಕೊಂಡ ಈ ದೊರೆಗೆ ಆನೆಯ ಮುಖ ಎಷ್ಟು ಆಪ್ತವಾಗಿತ್ತೆಂದು ಊಹಿಸುವುದು ಕಷ್ಟವಲ್ಲ. ಆದರೂ ಆತಿಶ್ ಖಾನ್ ಉಳಿದದ್ದು ಕಾಗದದ ಮೇಲೆ, ಹಾಡಿನಲ್ಲಿ. ರೋಜಾದ ಕಲ್ಲಿಗೆ ಬರಲಿಲ್ಲ. ಕೋಟೆಯ ತೋಪಿನಲ್ಲಿ ಆನೆ ಸೋತ ಪಕ್ಷ, ಚಿತ್ರದಲ್ಲಿ ಮುದ್ದಿನ ಒಡನಾಡಿ, ಗೋರಿಯಲ್ಲಿ ಗೈರುಹಾಜರು. ಒಂದೇ ಊರು ಒಂದೇ ಪ್ರಾಣಿಗೆ ಮೂರು ಜಾಗದಲ್ಲಿ ಮೂರು ಮಾತು ಆಡಿದೆ. ಸಿಂಹವೆಂದರೆ ಶೌರ್ಯ, ಆನೆಯೆಂದರೆ ಐಶ್ವರ್ಯ ಎಂದು ನಿಘಂಟಿನ ಹಾಗೆ ಅರ್ಥ ಹೇಳುವ ಪುಸ್ತಕಗಳನ್ನು ನಾನು ನೆಚ್ಚದಿರುವುದು ಇದಕ್ಕೇ. ಮೃಗ ಎಲ್ಲಿ ನಿಂತಿದೆ ಎಂದು ಮೊದಲು ನೋಡಬೇಕು, ಅದರ ಅರ್ಥ ಆಮೇಲೆ.

ಜಾಗದ ಈ ಮಾತು ದೂರದ ಚೀನಾಕ್ಕೂ ಸಲ್ಲುತ್ತದೆ. ಬೀಜಿಂಗಿನ ಬಳಿಯ ಮಿಂಗ್ ದೊರೆಗಳ ಗೋರಿಗಳಿಗೆ ಹೋಗುವ ಹಾದಿಯ ಎರಡು ಬದಿ ಸಿಂಹ, ಒಂಟೆ, ಆನೆ, ಕುದುರೆಗಳ ಜೋಡಿಗಳು ಸಾಲಾಗಿ ನಿಂತಿವೆ, ಅವುಗಳ ಮುಂದೆ ಕಲ್ಲಿನ ಅಧಿಕಾರಿಗಳು. ಮೃಗಗಳಿರುವುದು ಹಾದಿಯಲ್ಲಿ, ಆಸ್ಥಾನದ ಮೆರವಣಿಗೆಯ ಭಾಗವಾಗಿ. ದೊರೆ ಮಲಗಿರುವುದು ಮಣ್ಣಿನ ದಿಬ್ಬದ ಕೆಳಗೆ.

ಮೃಗವನ್ನು ಸಾವಿನ ತೀರ ಹತ್ತಿರಕ್ಕೆ ಬಿಟ್ಟುಕೊಂಡ ಶಿಲ್ಪ ನಮ್ಮ ನಾಡಿನಲ್ಲಿ ಬೇರೆ ಇದೆ, ಅದು ರಾಜರದ್ದಲ್ಲ. ವೀರಗಲ್ಲುಗಳ ಮಾತು ಹೇಳುತ್ತಿದ್ದೇನೆ. ಭೂತನಾಳದ ಕೆರೆಯ ಸೀಮೆಯಿಂದ ತಿಕೋಟ ಬಬಲೇಶ್ವರದ ತನಕ, ಅಲ್ಲಿಂದ ಆಚೆ ಕನ್ನಡ ಮಾತಾಡುವ ನೆಲವೆಲ್ಲ, ಹನುಮಪ್ಪನ ಗುಡಿಯ ಮುಂದೋ ಅಗಸೆಯ ಪಕ್ಕದಲ್ಲೋ ಇಂಥ ಕಲ್ಲುಗಳನ್ನು ಕಾಣದವರು ಕಡಿಮೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ಅವನ ಎದುರು ನಂದಿ. ತುರುಗಾಳಗದಲ್ಲಿ ಸತ್ತವನ ಕಲ್ಲಾದರೆ ಕೆಳಗಿನ ಪಟ್ಟಿಯಲ್ಲಿ ದನಗಳ ಹಿಂಡು. ಅವು ಯಾವುದರ ಸಂಕೇತವೂ ಅಲ್ಲ. ಆ ದನಗಳಿಗಾಗಿಯೇ ಅವನು ಸತ್ತದ್ದು. ಕುದುರೆ ಇದ್ದರೆ ಅವನು ಏರಿದ ಅಥವಾ ಎದುರಿಸಿದ ಕುದುರೆ, ಆನೆ ಇದ್ದರೆ ಅವನ ಮೇಲೆ ನುಗ್ಗಿದ ಆನೆ, ಹುಲಿ ಇದ್ದರೆ ಅವನನ್ನು ಕೊಂದ ಹುಲಿ. ಇಲ್ಲಿ ಮೃಗ ಪದವಿಯ ಗುರುತಾಗಿಲ್ಲ, ನಡೆದದ್ದಕ್ಕೆ ಸಾಕ್ಷಿಯಾಗಿದೆ.

ಈ ಸಾಕ್ಷಿ ಎಷ್ಟು ದೂರ ಹೋಗಬಲ್ಲದೆಂಬುದನ್ನು ಆತಕೂರಿನ ಕಲ್ಲು ತೋರಿಸುತ್ತದೆ. ಮಂಡ್ಯ ಸೀಮೆಯ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲಂ ಕಾಳಗದಲ್ಲಿ ಗಂಗರ ಬೂತುಗ ರಾಷ್ಟ್ರಕೂಟ ಮೂರನೇ ಕೃಷ್ಣನ ಪರ ನಿಂತು ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೇರ ಶೌರ್ಯ ತೋರಿದ. ಏನು ಬೇಕೋ ಕೇಳು ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಮುಂದೆ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕಲ್ಲಿನ ಮೇಲೆ ಇರುವುದು ಆ ಸೆಣಸಾಟವೇ. ಹಂದಿ ಮೈತುಂಬಿಕೊಂಡು ಭಾರವಾಗಿದೆ, ನಾಯಿ ಅದನ್ನು ಎದುರಿನಿಂದ ಕಚ್ಚಿದೆ. ಸುತ್ತ ಸಾಮ್ರಾಜ್ಯಗಳ ಇತಿಹಾಸ ಹೇಳುವ ಶಾಸನ, ನಡುವೆ ಒಂದು ನಾಯಿ. ಚಲ್ಲೇಶ್ವರನ ಗುಡಿಯ ಮುಂದೆ ನಿಂತ ಆ ಕಲ್ಲಿಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ಸುತ್ತಿಕೊಳ್ಳುತ್ತದೆಂದು ಬರೆಸಿದರು. ಲುಕ್ಕಾದ ನಾಯಿ ಒಡತಿಯ ಪಾದದ ಬಳಿ ನಿಷ್ಠೆಯ ರೂಪಕವಾಗಿ ಉಳಿದಿದೆ, ಹೆಸರಿಲ್ಲ. ಕಾಳಿಗೆ ಹೆಸರಿದೆ, ಪೂಜೆಯಿದೆ, ಮಾನ್ಯದ ಹೊಲವಿದೆ. ಲುಕ್ಕಾದ್ದು ಇದಕ್ಕಿಂತ ನಯವಾದ ಶಿಲ್ಪ ಇರಬಹುದು. ಕೊಟ್ಟ ಗೌರವದಲ್ಲಿ ಆತಕೂರು ಮೇಲು.

ರಾಜರ ಸಾವಿಗೆ ಹತ್ತಿರವಾದ ಕನ್ನಡ ಶಿಲ್ಪ ಬೇಕೆಂದರೆ ಹಳೇಬೀಡಿನ ಹೊಯ್ಸಳೇಶ್ವರದ ಬಳಿಯ ಗರುಡಗಂಬಕ್ಕೆ ಹೋಗಬೇಕು. 1220ರ ಸುಮಾರಿಗೆ ಎರಡನೇ ವೀರಬಲ್ಲಾಳ ತೀರಿಕೊಂಡಾಗ ಅವನೊಂದಿಗೆ ಪ್ರಾಣ ಬಿಡುವ ಹರಕೆ ಹೊತ್ತ ಕುವರ ಲಕ್ಷ್ಮ ಮತ್ತು ಅವನ ಜೊತೆಗಾರರು ಪ್ರಾಣ ಬಿಟ್ಟರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುವ ವೀರರಿದ್ದಾರೆ. ಗರುಡರೆಂದೇ ಇವರನ್ನು ಕರೆದದ್ದು. ಯುರೋಪಿನ ದೊರೆಯ ಪಾದದ ಬಳಿ ಕಲ್ಲಿನ ನಾಯಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬದುಕಿದ್ದ ಮನುಷ್ಯರಿಂದ ಮಾಡಿಸಿದರು, ಹಕ್ಕಿಯ ಹೆಸರಿಟ್ಟು. ಸಂಕೇತ ಸಂಕೇತವಾಗಿಯೇ ಉಳಿಯುವುದು ಎಷ್ಟು ಒಳ್ಳೆಯದು ಎಂದು ಆ ಕಂಬ ನೋಡಿದಾಗ ಅನಿಸಿದೆ.

ಆದಿಲ್‌ಶಾಹಿಗಳು ಈ ಎರಡನ್ನೂ ಬಿಟ್ಟರು. ವೀರಗಲ್ಲಿನ ಹಾಗೆ ಗೋರಿಯ ಮೇಲೆ ಬದುಕಿನ ಕತೆ ಕೆತ್ತಿಸಲಿಲ್ಲ, ಕೋಟೆಯ ಹಾಗೆ ಪದವಿಯ ಮೃಗ ನಿಲ್ಲಿಸಲಿಲ್ಲ. ಕೆಲಸವೂ ಹೊರಗೆ, ಪಟ್ಟವೂ ಹೊರಗೆ. ಒಳಗೆ ಹೆಸರು, ತಾರೀಖು, ಪ್ರಾರ್ಥನೆ. ಇದನ್ನು ಬರೀ ವಿನಯವೆಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಗೋಳಗುಮ್ಮಟದ ಅಡಿಯಲ್ಲಿ ನಿಂತು ವಿನಯದ ಮಾತಾಡುವುದು ಕಷ್ಟ. 1636ರಲ್ಲಿ ಷಹಜಹಾನನಿಗೆ ತಲೆಬಾಗಿ ಒಪ್ಪಂದ ಮಾಡಿಕೊಂಡ ದೊರೆ ಆಮೇಲೂ ಇಂಥ ಗುಮ್ಮಟ ಎಬ್ಬಿಸಿದನೆಂದರೆ ಅವನಿಗೆ ಅಹಂಕಾರ ತೋರಿಸಲು ಮೃಗಗಳ ಹಂಗು ಬೇಕಾಗಿರಲಿಲ್ಲ, ಗಾತ್ರವೇ ಸಾಕಿತ್ತು ಎಂದು ತಿಳಿಯಬೇಕು. ಮೃಗ ಹೊರಗುಳಿದದ್ದು ದೊರೆಗಳು ಸಣ್ಣವರಾದ್ದರಿಂದಲ್ಲ. ಪದವಿ ಇಲ್ಲೇ ಉಳಿಯುತ್ತದೆ, ದೊರೆ ಮಾತ್ರ ಹೋಗುತ್ತಾನೆ ಎಂಬುದು ಅವರ ರಾಜ್ಯಶಾಸ್ತ್ರಕ್ಕೆ ಅನುಕೂಲವಾಗಿತ್ತು. ಮುಂದಿನ ಷಾ ಬರುವ ತನಕ ಸಿಂಹ ಬಾಗಿಲಲ್ಲೇ ಇರಬೇಕು.

ಈ ನಿಯಮ ಮುರಿದ ಗೋರಿ ಕರ್ನಾಟಕದಲ್ಲಿ ನನಗೆ ಗೊತ್ತಿರುವಂತೆ ಒಂದೇ, ಅದೂ ಒಂದು ಶತಮಾನ ಕಳೆದ ಮೇಲೆ. ಶ್ರೀರಂಗಪಟ್ಟಣದ ಗುಂಬಜನ್ನು ಟಿಪ್ಪು 1782-84ರಲ್ಲಿ ತಂದೆ ಹೈದರನಿಗಾಗಿ ಕಟ್ಟಿಸಿದ. ಹೊರಗಿನಿಂದ ಅದು ಗೋಲ್ಕೊಂಡ, ವಿಜಯಪುರಗಳ ತಮ್ಮನಂತೆ ಕಾಣುತ್ತದೆ. ಒಳಗೆ ಹೋದರೆ ಗೋಡೆಯ ತುಂಬ ಹುಲಿಪಟ್ಟೆ. ಹುಲಿಯ ತಲೆಯಿಲ್ಲ, ಕಾಲಿಲ್ಲ, ಬಾಲವಿಲ್ಲ. ಬರೀ ಚರ್ಮದ ಪಟ್ಟೆ, ಅದೂ ಬಣ್ಣದಲ್ಲಿ. ನಿಷೇಧವನ್ನು ಮೀರದೆಯೇ ಮೃಗವನ್ನು ಒಳಗೆ ತಂದ ಜಾಣತನ ಇದು. ಆದರೆ ಯಾಕೆ ತಂದ? ನನ್ನ ಊಹೆ ಹೀಗಿದೆ. ಆದಿಲ್‌ಶಾಹಿಗಳಿಗೆ ತಲೆಮಾರುಗಳ ಗದ್ದುಗೆಯಿತ್ತು, ಅದನ್ನು ಗೋರಿಗೆ ಒಯ್ಯಬೇಕಾಗಿರಲಿಲ್ಲ. ಹೈದರ್ ಸಿಪಾಯಿಯಾಗಿ ಮೇಲೆ ಬಂದವನು, ಮೈಸೂರಿನ ಒಡೆಯರು ಇನ್ನೂ ಬದುಕಿದ್ದರು. ಗದ್ದುಗೆ ತನ್ನದೇ ಎಂದು ಹೇಳಿ ಮುಗಿಸಲು ಅವನ ಜೀವಮಾನ ಸಾಲದೆ ಹೋಯಿತು. ಆ ಮಾತನ್ನು ಗೋರಿಯೊಳಗೂ ಮುಂದುವರಿಸುವ ಹೊಣೆ ಮಗನ ಮೇಲೆ ಬಿತ್ತು. ಹುಲಿ ಟಿಪ್ಪುವಿನ ಸಿಪಾಯಿಯ ಅಂಗಿಯ ಮೇಲಿತ್ತು, ತೋಪಿನ ಬಾಯಲ್ಲಿತ್ತು, ಸಿಂಹಾಸನದಲ್ಲಿತ್ತು. ಹೊಸ ಮನೆತನಕ್ಕೆ ಹೊರಗಿನದು ಒಳಗಿನದು ಎಂದು ಬೇರ್ಪಡಿಸುವ ಪುರುಸೊತ್ತು ಇರಲಿಲ್ಲ.

1799ರ ಮೇ 4ರಂದು ಟಿಪ್ಪು ಸತ್ತ, ಅದೇ ಪಟ್ಟೆಗಳ ನಡುವೆ ತಂದೆತಾಯಿಯರ ಪಕ್ಕದಲ್ಲಿ ಅವನನ್ನು ಮಣ್ಣು ಮಾಡಿದರು. ಸಿಂಹಾಸನವನ್ನು ಗೆದ್ದವರು ಒಡೆದು ಹಂಚಿಕೊಂಡರು. ಅದರ ಚಿನ್ನದ ಹುಲಿಮುಖ ವಿಂಡ್ಸರ್ ಅರಮನೆಗೆ ಹೋಯಿತು, ಬಿಳಿಯ ಸಿಪಾಯಿಯನ್ನು ಕಚ್ಚುವ ಮರದ ಹುಲಿ ಲಂಡನ್ನಿನ ಮ್ಯೂಸಿಯಂ ಸೇರಿತು. ವಿಜಯಪುರದಲ್ಲೂ 1854ರಲ್ಲಿ ಮಲಿಕ್-ಎ-ಮೈದಾನನ್ನು ಹಳೆಯ ಲೋಹವೆಂದು ಹರಾಜಿಗೆ ಇಟ್ಟರು. ಯಾರೋ 150 ರೂಪಾಯಿ ತನಕ ಕೂಗಿದರಂತೆ; ಇಷ್ಟು ಅಗ್ಗಕ್ಕೆ ಕೊಡುವುದು ಸರಿಯಲ್ಲವೆಂದು ಅಧಿಕಾರಿಯೊಬ್ಬ ಹರಾಜು ನಿಲ್ಲಿಸಿದ್ದರಿಂದ ಸಿಂಹ ಬುರುಜಿನ ಮೇಲೆ ಉಳಿಯಿತು. ಇಬ್ರಾಹಿಂ ರೋಜಾದ ಅಕ್ಷರಗಳಿಗೆ ಯಾರೂ ಬೆಲೆ ಕೂಗಲಿಲ್ಲ, ಗುಂಬಜಿನ ಪಟ್ಟೆಗಳನ್ನು ಕಿತ್ತೊಯ್ಯಲು ಬರುವಂತಿರಲಿಲ್ಲ.